ಸಾಲ ಕೊಡಲು ಹತ್ತು ಮಂದಿ. ನಷ್ಟಕ್ಕೆ ಪಾಲುದಾರ ಯಾರು?

ಇಂಜಿನಿಯರಿಂಗ್ ಮುಗಿಸಿದ ಯುವಕನೊಬ್ಬನನ್ನು ಊಹಿಸಿಕೊಳ್ಳಿ. ಭಟ್ಕಳದವನಾಗಿರಬಹುದು, ಮಲ್ಪೆಯವನಾಗಿರಬಹುದು ಅಥವಾ ಉಳ್ಳಾಲದವನಾಗಿರಬಹುದು. ಆಳಸಮುದ್ರಕ್ಕೆ ಹೋದ ದೋಣಿಯ ಮೀನಿನ ಪೆಟ್ಟಿಗೆಯೊಳಗೆ ತಂಪು ಎಷ್ಟಿದೆ ಎಂಬುದನ್ನು ಗಂಟೆಗೊಮ್ಮೆ ದಾಖಲಿಸುವ ಪುಟ್ಟ ಸಾಧನವೊಂದನ್ನು ಅವನು ತಯಾರಿಸಿದ್ದಾನೆ. ಮನೆಯ ಮೇಜಿನ ಮೇಲೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಉಪ್ಪುನೀರಿನಲ್ಲಿ, ಅಲೆಗಳ ಹೊಡೆತದಲ್ಲಿ ಕೆಲಸ ಮಾಡೀತೇ? ಅದು ಗೊತ್ತಾಗಬೇಕಾದರೆ ಇಪ್ಪತ್ತು ಸಾಧನಗಳನ್ನು ತಯಾರಿಸಿ, ಇಪ್ಪತ್ತು ದೋಣಿಗಳಲ್ಲಿಟ್ಟು, ಮೀನುಗಾರಿಕೆಯ ಒಂದು ಋತು ಪೂರ್ತಿ ಕಾಯಬೇಕು. ಅದಕ್ಕೆ ಅವನಿಗೆ ಬೇಕಿರುವುದು ಎಂಟು ಲಕ್ಷ ರೂಪಾಯಿ.

ಅವನು ಬ್ಯಾಂಕಿಗೆ ಹೋಗುತ್ತಾನೆ. 'ಅಡಮಾನಕ್ಕೆ ಏನಿದೆ?' ಎಂದು ಕೇಳುತ್ತಾರೆ. ಹಣವಿರುವ ಸಂಬಂಧಿಕರ ಬಳಿಗೆ ಹೋಗುತ್ತಾನೆ. 'ತಿಂಗಳಿಗೆ ಎಷ್ಟು ಕೊಡುತ್ತೀ?' ಎಂದು ಕೇಳುತ್ತಾರೆ. ಬೆಂಗಳೂರಿನ ಹೂಡಿಕೆದಾರರನ್ನು ಕಾಣುತ್ತಾನೆ. 'ಬಳಕೆದಾರರು ಎಷ್ಟು ಲಕ್ಷ ಇದ್ದಾರೆ?' ಎಂದು ಕೇಳುತ್ತಾರೆ. ಸರಕಾರಿ ಇಲಾಖೆಯ ಟೆಂಡರಿಗೆ ಅರ್ಜಿ ಹಾಕುತ್ತಾನೆ. 'ಕಳೆದ ಮೂರು ವರ್ಷಗಳ ವಹಿವಾಟಿನ ಲೆಕ್ಕ ತನ್ನಿ' ಎನ್ನುತ್ತಾರೆ. ನಾಲ್ಕು ಬಾಗಿಲು, ನಾಲ್ಕು ಪ್ರಶ್ನೆ. 'ನಿನ್ನ ಸಾಧನ ಕೆಲಸ ಮಾಡುತ್ತದೆಯೇ?' ಎಂಬ ಐದನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೊನೆಗೆ ಅವನ ತಂದೆ ಒಂದು ಮಾತು ಹೇಳುತ್ತಾರೆ: 'ಮಗನೇ, ದುಬೈಗೆ ಹೋಗು.' ವೀಸಾಕ್ಕೂ ಟಿಕೆಟಿಗೂ ಹಣ ಆ ಸಂಜೆಯೇ ಹೊಂದಿಕೆಯಾಗುತ್ತದೆ.

ಇಂಥ ಕಥೆ ನಮ್ಮ ಪಟ್ಟಣಗಳಿಗೆ ಹೊಸತಲ್ಲ. ನಮ್ಮ ದೇಶದಲ್ಲಿ ತಂತ್ರಜ್ಞಾನದ ನವೋದ್ಯಮಗಳಿಗೆ ಹಣವೇ ಇಲ್ಲ ಎಂದು ಯಾರೂ ಹೇಳಲಾರರು. ಹಣ ಇದೆ. ಆದರೆ ಅದು ತಪ್ಪು ರೂಪದಲ್ಲಿದೆ, ತಪ್ಪು ಹೊತ್ತಿಗೆ ಬರುತ್ತದೆ ಮತ್ತು ತಪ್ಪು ಬಾಗಿಲಲ್ಲಿ ನಿಂತಿದೆ. ಸರಕಾರವೂ ನಾವೂ ಒಂದೇ ತಪ್ಪನ್ನು ಮಾಡುತ್ತಿದ್ದೇವೆ. ಲಾಭದಲ್ಲಿ ಪಾಲು ಕೇಳಲು ಎಲ್ಲರೂ ಸಿದ್ಧರಿದ್ದಾರೆ. ನಷ್ಟದಲ್ಲಿ ಪಾಲು ಹೊರಲು ಯಾರೂ ಸಿದ್ಧರಿಲ್ಲ. ಈ ಮನೋಭಾವ ಬದಲಾಗದೆ ಎಷ್ಟು ಸಾವಿರ ಕೋಟಿ ಘೋಷಿಸಿದರೂ ಆ ಯುವಕನ ಮೇಜಿನ ಮೇಲಿನ ಸಾಧನ ಸಮುದ್ರಕ್ಕಿಳಿಯುವುದಿಲ್ಲ ಎಂಬುದು ನಮ್ಮ ವಾದ.

ಮೊದಲು ಸಾಲದ ಸ್ವಭಾವವನ್ನು ನೋಡೋಣ. ದಿನಸಿ ಅಂಗಡಿಯವನು ಇಂದು ಸರಕು ತಂದರೆ ನಾಳೆ ಮಾರುತ್ತಾನೆ. ಮುಂದಿನ ತಿಂಗಳ ಕಂತು ಕಟ್ಟಲು ಅವನಿಗೆ ಸಾಧ್ಯವಿದೆ. ತಂತ್ರಜ್ಞಾನದ ಹೊಸ ಉದ್ಯಮ ಹಾಗಲ್ಲ. ಮೊದಲ ಎರಡು-ಮೂರು ವರ್ಷ ಅದರಿಂದ ಆದಾಯ ಇರುವುದಿಲ್ಲ ಅಥವಾ ನಾಮಮಾತ್ರಕ್ಕೆ ಇರುತ್ತದೆ. ಸಾಲದ ಕಂತು ಮಾತ್ರ ಮುಂದಿನ ತಿಂಗಳ ಐದನೇ ತಾರೀಕಿಗೇ ಬಾಗಿಲು ತಟ್ಟುತ್ತದೆ. ಇಂಥ ಹತ್ತು ಉದ್ಯಮಗಳಲ್ಲಿ ಹೆಚ್ಚಿನವು ಮುಳುಗುತ್ತವೆ. ಒಂದೆರಡು ಮಾತ್ರ ಉಳಿದವುಗಳ ನಷ್ಟವನ್ನೂ ತುಂಬಿಕೊಡುವಷ್ಟು ಬೆಳೆಯುತ್ತವೆ. ಸಾಲ ಕೊಟ್ಟವನಿಗೆ ಮುಳುಗಿದ ಉದ್ಯಮದಲ್ಲಿ ಅಸಲು ಹೋಗುತ್ತದೆ. ಗೆದ್ದ ಉದ್ಯಮದಲ್ಲಿ ಸಿಗುವುದು ಬಡ್ಡಿ ಮಾತ್ರ. ಆದ್ದರಿಂದ ಅವನು ಮನೆಯ ಪತ್ರವನ್ನೋ ಚಿನ್ನವನ್ನೋ ಕೇಳಲೇಬೇಕು. ಬ್ಯಾಂಕ್ ಮ್ಯಾನೇಜರನ್ನು ಇದಕ್ಕೆ ದೂರಿ ಪ್ರಯೋಜನವಿಲ್ಲ. ಅವನ ಕೈಯಲ್ಲಿರುವ ಉಪಕರಣವೇ ಅಂಥದ್ದು. ಶೇರು ಪಡೆದು ಪಾಲುದಾರನಾದವನ ಲೆಕ್ಕವೇ ಬೇರೆ. ಒಂಬತ್ತರಲ್ಲಿ ಕಳೆದುಕೊಂಡರೂ ಹತ್ತನೆಯದರ ಏಳಿಗೆಯಲ್ಲಿ ಅವನ ಪಾಲಿದೆ. ಆದ್ದರಿಂದಲೇ ಅವನು ಅಡಮಾನವನ್ನು ಬಿಟ್ಟು ಸಾಧನದ ಬಗ್ಗೆ ಕೇಳುತ್ತಾನೆ.

ಅಮೆರಿಕದಲ್ಲಿ ಈ ಪದ್ಧತಿಗೆ ಸಾಂಸ್ಥಿಕ ರೂಪ ಬಂದದ್ದು 1946ರಲ್ಲಿ, ಜಾರ್ಜ್ ಡೋರಿಯೋ ಮತ್ತು ಸಂಗಡಿಗರು ಅಮೆರಿಕನ್ ರಿಸರ್ಚ್ ಆಂಡ್ ಡೆವಲಪ್‌ಮೆಂಟ್ ಎಂಬ ಸಂಸ್ಥೆಯನ್ನು ಕಟ್ಟಿದಾಗ. ಆ ಸಂಸ್ಥೆ 1957ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ ಎಂಬ ಪುಟ್ಟ ಕಂಪ್ಯೂಟರ್ ಕಂಪೆನಿಯಲ್ಲಿ 70,000 ಡಾಲರ್ ಹೂಡಿ ಸುಮಾರು ಶೇ. 70ರಷ್ಟು ಪಾಲು ಪಡೆಯಿತು. ಹತ್ತೇ ವರ್ಷಗಳಲ್ಲಿ ಆ ಪಾಲಿನ ಬೆಲೆ ಕೋಟ್ಯಂತರ ಡಾಲರುಗಳಿಗೆ ಏರಿತು. ಆ ಹಣವನ್ನು ಸಾಲವಾಗಿ ಕೊಟ್ಟಿದ್ದರೆ? ಒಂದೋ ಕಂಪೆನಿ ಕಂತಿನ ಭಾರಕ್ಕೆ ಮುದುಡುತ್ತಿತ್ತು, ಇಲ್ಲವೇ ಹೂಡಿದವರಿಗೆ ಕೆಲವು ಸಾವಿರ ಡಾಲರ್ ಬಡ್ಡಿ ಸಿಗುತ್ತಿತ್ತು.

ನಮ್ಮದೇ ಉದಾಹರಣೆ ಬೇಕೇ? ಇನ್ಫೋಸಿಸ್ 1981ರಲ್ಲಿ ಪುಣೆಯಲ್ಲಿ ಆರಂಭವಾದದ್ದು ಸುಧಾ ಮೂರ್ತಿಯವರ ಉಳಿತಾಯದ 10,000 ರೂಪಾಯಿಯಿಂದ. ಏಳು ಮಂದಿ ಸ್ಥಾಪಕರ ಆ ಕಂಪೆನಿಗೆ ಮೊದಲ ಹತ್ತು ವರ್ಷಗಳು ಕಷ್ಟದವೇ ಆಗಿದ್ದುವು. 1993ರಲ್ಲಿ 95 ರೂಪಾಯಿಗೆ ಶೇರನ್ನು ಸಾರ್ವಜನಿಕರ ಮುಂದಿಟ್ಟಾಗಲೂ ಕೊಳ್ಳುವವರು ಸಾಲದಾದರು. ಪ್ರತಿ ತಿಂಗಳು ಕಂತು ಕೇಳುವ ಸಾಲಗಾರನೊಬ್ಬ ಮೊದಲ ದಿನದಿಂದಲೇ ಬಾಗಿಲಲ್ಲಿ ನಿಂತಿದ್ದರೆ ಆ ಹತ್ತು ವರ್ಷಗಳನ್ನು ಅದು ದಾಟುತ್ತಿತ್ತೇ?

ಇನ್ನು ಸರಕಾರದ ವಿಚಾರ. 2016ರ ಜನವರಿ 16ರಂದು ಪ್ರಧಾನಿ ನರೇಂದ್ರ ಮೋದಿಯವರು ದೆಹಲಿಯ ವಿಜ್ಞಾನ ಭವನದಲ್ಲಿ 'ಸ್ಟಾರ್ಟ್‌ಅಪ್ ಇಂಡಿಯಾ'ವನ್ನು ಉದ್ಘಾಟಿಸಿದರು. ಆ ಬಳಿಕ ಪ್ರತಿ ವರ್ಷವೂ ನಮಗೆ ಕೇಳಿಸುವುದು ಸಂಖ್ಯೆಗಳ ಘೋಷಣೆ. ಮಾನ್ಯತೆ ಪಡೆದ ನವೋದ್ಯಮಗಳ ಸಂಖ್ಯೆ 2024ರ ಅಂತ್ಯಕ್ಕೆ ಒಂದೂವರೆ ಲಕ್ಷ ದಾಟಿತು ಎಂಬ ಸಂಭ್ರಮವೂ ನಡೆಯಿತು. ಆದರೆ ಮಾನ್ಯತೆ ಎಂದರೇನು? ಅರ್ಜಿ ಸಲ್ಲಿಸಿ, ಷರತ್ತುಗಳನ್ನು ಪೂರೈಸಿದರೆ ಸಿಗುವ ಒಂದು ಪ್ರಮಾಣಪತ್ರ. ಜನನ ಪ್ರಮಾಣಪತ್ರಗಳನ್ನು ಎಣಿಸಿ ಮಕ್ಕಳ ಆರೋಗ್ಯ ಸುಧಾರಿಸಿದೆ ಎನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಅಷ್ಟಕ್ಕೂ, ಈ ನೀತಿಯ ರಿಯಾಯಿತಿಗಳನ್ನೇ ನೋಡಿ. ಮೊದಲ ಹತ್ತು ವರ್ಷಗಳಲ್ಲಿ ಸತತ ಮೂರು ವರ್ಷ ಲಾಭದ ಮೇಲಿನ ಆದಾಯ ತೆರಿಗೆಯಿಂದ ವಿನಾಯಿತಿ ಎನ್ನುತ್ತದೆ ಕಾನೂನು. ಅದಕ್ಕೆ ಪ್ರತ್ಯೇಕ ಮಂಡಳಿಯ ಅನುಮೋದನೆಯೂ ಬೇಕು. ಆದರೆ ಹೊಸ ಉದ್ಯಮಕ್ಕೆ ಲಾಭ ಎಲ್ಲಿದೆ? ಲಾಭವಿಲ್ಲದವನಿಗೆ ಲಾಭದ ತೆರಿಗೆ ಮನ್ನಾ! ಇನ್ನೊಂದೆಡೆ, ಯಾರಾದರೂ ಧೈರ್ಯ ಮಾಡಿ ಇಂಥ ಕಂಪೆನಿಯ ಶೇರನ್ನು ಹೆಚ್ಚಿನ ಬೆಲೆಗೆ ಕೊಂಡರೆ, 'ನ್ಯಾಯವಾದ ಬೆಲೆಗಿಂತ ಹೆಚ್ಚು ಬಂದಿದೆ' ಎಂದು ಆ ಹೆಚ್ಚುವರಿ ಮೊತ್ತವನ್ನು ಕಂಪೆನಿಯ ಆದಾಯವೆಂದೇ ಪರಿಗಣಿಸಿ ತೆರಿಗೆ ಹಾಕಲಾಗುತ್ತಿತ್ತು. 'ಏಂಜೆಲ್ ಟ್ಯಾಕ್ಸ್' ಎಂದು ಕುಖ್ಯಾತವಾದ ಈ ತೆರಿಗೆ 2012ರಲ್ಲಿ ಯುಪಿಎ ಸರಕಾರದ ಕಾಲದಲ್ಲಿ ಬಂತು. ಎನ್‌ಡಿಎ ಸರಕಾರ ಅದನ್ನು ಪೂರ್ತಿಯಾಗಿ ಕೈಬಿಟ್ಟದ್ದು 2024ರ ಜುಲೈ ಬಜೆಟಿನಲ್ಲಿ. ನಡುವೆ ಮಾನ್ಯತೆ ಪಡೆದವರಿಗೆ ಷರತ್ತಿನ ವಿನಾಯಿತಿ ಸಿಕ್ಕಿತಾದರೂ, ನಷ್ಟಕ್ಕೆ ಪಾಲುದಾರನಾಗಲು ಬಂದವನನ್ನು ಹನ್ನೆರಡು ವರ್ಷ ಕಾಲ ಶಂಕಿತನಂತೆ ಕಂಡದ್ದು ಸುಳ್ಳಾಗುವುದಿಲ್ಲ. ಇದರಲ್ಲಿ ಎರಡೂ ಪಕ್ಷಗಳು ಸಮಾನ ಹೊಣೆಗಾರರು.

ಹಾಗಾದರೆ 10,000 ಕೋಟಿ ರೂಪಾಯಿಯ ನಿಧಿ? 2016ರಲ್ಲಿ ಸಿಡ್ಬಿಯ ಮೂಲಕ ಸ್ಥಾಪಿಸಲಾದ ಈ 'ನಿಧಿಗಳ ನಿಧಿ' ನವೋದ್ಯಮಗಳಿಗೆ ನೇರವಾಗಿ ಹಣ ಕೊಡುವುದಿಲ್ಲ. ಸೆಬಿಯಲ್ಲಿ ನೋಂದಾಯಿತವಾದ ಖಾಸಗಿ ಹೂಡಿಕೆ ನಿಧಿಗಳಿಗೆ ಕೊಡುತ್ತದೆ. ಅವು ಪಡೆದದ್ದಕ್ಕಿಂತ ಕನಿಷ್ಠ ಎರಡು ಪಟ್ಟನ್ನು ನವೋದ್ಯಮಗಳಲ್ಲಿ ಹೂಡಬೇಕು. ಕ್ರಮ ತಪ್ಪಲ್ಲ. ಯಾವ ಉದ್ಯಮ ಗೆಲ್ಲುತ್ತದೆ ಎಂದು ಸರಕಾರಿ ಗುಮಾಸ್ತ ಆರಿಸುವುದಕ್ಕಿಂತ ಇದು ಎಷ್ಟೋ ಮೇಲು. 2025ರ ಬಜೆಟಿನಲ್ಲಿ ಇನ್ನೂ 10,000 ಕೋಟಿಯ ನಿಧಿಯನ್ನು ಘೋಷಿಸಲಾಯಿತು. ಆದರೆ ಆ ಖಾಸಗಿ ನಿಧಿಗಳ ಕಚೇರಿಗಳಿರುವುದು ಮುಂಬೈ, ದೆಹಲಿ, ಬೆಂಗಳೂರುಗಳಲ್ಲಿ. ಐದು ಕೋಟಿ, ಹತ್ತು ಕೋಟಿ ಹೂಡುವ ಅವುಗಳಿಗೆ ಎಂಟು ಲಕ್ಷದ ವ್ಯವಹಾರದ ಕಾಗದಪತ್ರ ನೋಡುವ ಖರ್ಚೂ ಗಿಟ್ಟುವುದಿಲ್ಲ. ಮಲ್ಪೆಯ ಬಂದರಿನವರೆಗೆ ಅವರು ಯಾಕೆ ಬಂದಾರು?

ಈ ಕೊರತೆ ಸರಕಾರಕ್ಕೂ ಗೊತ್ತಿಲ್ಲದೆ ಇಲ್ಲ. ಆದ್ದರಿಂದಲೇ 2021ರಲ್ಲಿ 945 ಕೋಟಿ ರೂಪಾಯಿಯ ಬೀಜನಿಧಿ ಯೋಜನೆ ಬಂತು. ಇನ್‌ಕ್ಯುಬೇಟರುಗಳ ಮೂಲಕ, ಕಲ್ಪನೆಯನ್ನು ಸಾಧಿಸಿ ತೋರಿಸಲು 20 ಲಕ್ಷದವರೆಗೆ ಅನುದಾನ ಕೊಡುವ ಯೋಜನೆ ಅದು. ಕರ್ನಾಟಕ ಸರಕಾರ 2017ರಿಂದ 'ಎಲಿವೇಟ್' ಹೆಸರಿನಲ್ಲಿ 50 ಲಕ್ಷದವರೆಗೆ ಅನುದಾನ ಕೊಡುತ್ತಾ ಬಂದಿದೆ. ಈ ಎರಡನ್ನೂ ನಾವು ಮುಕ್ತವಾಗಿ ಸ್ವಾಗತಿಸುತ್ತೇವೆ. ಮೊದಲ ಹಣ ಸಾಲವಾಗಿರದೆ ಅನುದಾನವಾಗಿರಬೇಕು ಎಂಬ ತಿಳಿವಳಿಕೆ ಅವುಗಳಲ್ಲಿದೆ. ಆದರೆ ಪ್ರಮಾಣ? 2025ರ ನವೆಂಬರಿನಲ್ಲಿ ರಾಜ್ಯ ಸಂಪುಟ ಒಪ್ಪಿದ ಹೊಸ ನವೋದ್ಯಮ ನೀತಿಯ ಐದು ವರ್ಷಗಳ ಒಟ್ಟು ಗಾತ್ರ ಸುಮಾರು 518 ಕೋಟಿ ರೂಪಾಯಿ. ಗುರಿ 25,000 ನವೋದ್ಯಮಗಳು, ಅವುಗಳಲ್ಲಿ 10,000 ಬೆಂಗಳೂರಿನ ಹೊರಗೆ. ಭಾಗಿಸಿ ನೋಡಿ: ಒಂದು ಉದ್ಯಮದ ಪಾಲಿಗೆ ಬರುವುದು ಎರಡು ಲಕ್ಷ ರೂಪಾಯಿ ಚಿಲ್ಲರೆ, ಅದೂ ಐದು ವರ್ಷಕ್ಕೆ.

'ಮುಳುಗುವ ಉದ್ಯಮಗಳಿಗೆ ಜನರ ತೆರಿಗೆ ಹಣವನ್ನು ಯಾಕೆ ಸುರಿಯಬೇಕು?' ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ಪ್ರಶ್ನೆ ಬಡವನ ಬಾಗಿಲಲ್ಲಿ ಮಾತ್ರ ಯಾಕೆ ಕೇಳಿಸುತ್ತದೆ? 2023ರಲ್ಲಿ ಅಮೆರಿಕದ ಮೈಕ್ರಾನ್ ಕಂಪೆನಿ ಗುಜರಾತಿನ ಸಾನಂದದಲ್ಲಿ 275 ಕೋಟಿ ಡಾಲರಿನ ಚಿಪ್ ಘಟಕವನ್ನು ಘೋಷಿಸಿತು. ಆ ವೆಚ್ಚದ ಶೇ. 50ನ್ನು ಕೇಂದ್ರ ಸರಕಾರವೂ ಶೇ. 20ನ್ನು ಗುಜರಾತ್ ಸರಕಾರವೂ ಕೊಡುವುದೆಂದು ತೀರ್ಮಾನವಾಯಿತು. ನೂರರಲ್ಲಿ ಎಪ್ಪತ್ತು ರೂಪಾಯಿ ನಮ್ಮದು, ಕಾರ್ಖಾನೆ ಅವರದ್ದು! ದೇಶಕ್ಕೆ ಚಿಪ್ ಘಟಕ ಬೇಡವೆಂದು ನಾವು ಹೇಳುವುದಿಲ್ಲ. ದೊಡ್ಡವನ ಅಪಾಯವನ್ನು ಹೊರಲು ಸಿದ್ಧವಿರುವ ಖಜಾನೆಗೆ ಸಣ್ಣವನ ಅಪಾಯ ಮಾತ್ರ ಪೋಲು ಖರ್ಚಾಗಿ ಕಾಣುವುದು ಯಾಕೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಸರಕಾರ ಹೇಗೆ ಪಾಲುದಾರನಾಗಬೇಕು, ಹೇಗೆ ಆಗಬಾರದು ಎಂಬುದಕ್ಕೆ ಒಂದೇ ದೇಶದಲ್ಲಿ ನಡೆದ ಎರಡು ಪ್ರಯೋಗಗಳಿವೆ. ಆ ದೇಶ ಇಸ್ರೇಲ್. ಆ ಹೆಸರು ಕೇಳಿದೊಡನೆ ನಮ್ಮ ಓದುಗರ ಕಣ್ಣ ಮುಂದೆ ಬರುವುದು ಗಾಝಾ, ಅದು ಸಹಜ. ಆದರೆ ಆ ದೇಶ ತನ್ನ ಬಂಡವಾಳವನ್ನು ಹೇಗೆ ಕಟ್ಟಿತು ಎಂಬುದನ್ನು ತಿಳಿಯದಿರುವುದು ಪ್ರತಿಭಟನೆಯಾಗುವುದಿಲ್ಲ. 1992ರಲ್ಲಿ ಅದು 'ಇನ್ಬಾಲ್' ಎಂಬ ಯೋಜನೆಯನ್ನು ತಂದಿತು. ಹೂಡಿಕೆ ನಿಧಿಗಳಿಗೆ ನಷ್ಟವಾದರೆ ಬಂಡವಾಳದ ಶೇ. 70ರವರೆಗೆ ಸರಕಾರವೇ ಖಾತರಿ ನೀಡುವುದು ಅದರ ತಿರುಳು. ಯೋಜನೆ ವಿಫಲವಾಯಿತು. ಕಾರಣ ಸರಳ: ನಷ್ಟದ ಭಯವಿಲ್ಲದವನು ಉದ್ಯಮಕ್ಕಾಗಿ ಬೆವರು ಸುರಿಸುವುದಿಲ್ಲ. ಮರುವರ್ಷ, 1993ರಲ್ಲಿ, 'ಯೋಝ್ಮಾ' ಬಂತು. ಹತ್ತು ಕೋಟಿ ಡಾಲರಿನ ಈ ಯೋಜನೆಯಡಿ ಹತ್ತು ಖಾಸಗಿ ನಿಧಿಗಳು ಹುಟ್ಟಿದುವು. ಒಂದೊಂದರಲ್ಲಿಯೂ ಸರಕಾರ ಸುಮಾರು ಶೇ. 40ರ ಪಾಲುದಾರ. ನಷ್ಟವಾದರೆ ಇಬ್ಬರಿಗೂ ನಷ್ಟ. ಗೆದ್ದರೆ, ಐದು ವರ್ಷದೊಳಗೆ ಸರಕಾರದ ಪಾಲನ್ನು ಹಾಕಿದ ಮೊತ್ತ ಮತ್ತು ನಿಗದಿತ ಬಡ್ಡಿಗೆ ಕೊಂಡುಕೊಳ್ಳುವ ಹಕ್ಕು ಖಾಸಗಿ ಪಾಲುದಾರರಿಗೆ. ಹತ್ತರಲ್ಲಿ ಎಂಟು ನಿಧಿಗಳು ಹಾಗೆ ಕೊಂಡುಕೊಂಡವು. ಕೆಲವೇ ವರ್ಷಗಳಲ್ಲಿ ಸರಕಾರ ಆ ಕ್ಷೇತ್ರದಿಂದ ಹೊರನಡೆಯಿತು.

ನಷ್ಟದ ಖಾತರಿ ಕೊಟ್ಟಾಗ ಸೋಲು, ನಷ್ಟದಲ್ಲಿ ಜೊತೆಯಾದಾಗ ಗೆಲುವು. ಇಷ್ಟು ಸ್ಪಷ್ಟವಾದ ಪಾಠವಿದ್ದೂ ನಮ್ಮ ಸರಕಾರ 2022ರಲ್ಲಿ ನವೋದ್ಯಮಗಳಿಗಾಗಿ ಸಾಲ ಖಾತರಿ ಯೋಜನೆಯನ್ನು ತಂದಿತು. ಹತ್ತು ಕೋಟಿವರೆಗಿನ ಸಾಲಕ್ಕೆ ಇದ್ದ ಖಾತರಿಯನ್ನು 2025ರಲ್ಲಿ ಇಪ್ಪತ್ತು ಕೋಟಿಗೆ ಏರಿಸಲಾಯಿತು. ಸಾಲ ಕೊಟ್ಟ ಬ್ಯಾಂಕಿನ ನಷ್ಟಕ್ಕೆ ಖಾತರಿ. ಸಾಲ ಪಡೆದ ಯುವಕನ ಕಂತಿಗೆ ವಿನಾಯಿತಿ ಇಲ್ಲ.

ಹಣದ ಮಾತಿನಲ್ಲಿ ನಾವು ಮರೆಯುವ ಇನ್ನೊಂದು ಸಂಗತಿಯಿದೆ. ಹೊಸ ಉದ್ಯಮಕ್ಕೆ ಹೂಡಿಕೆದಾರನಿಗಿಂತಲೂ ಅಗತ್ಯವಾದವನು ಮೊದಲ ಗಿರಾಕಿ. ಸಿಂಪ್ಯೂಟರನ್ನು ನೆನಪಿಸಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪೆನಿಯ ತಂತ್ರಜ್ಞರೂ ಸೇರಿ ಕಳೆದ ಶತಮಾನದ ಕೊನೆಯಲ್ಲಿ ರೂಪಿಸಿದ ಅಂಗೈ ಕಂಪ್ಯೂಟರ್ ಅದು. ಓದು ಬಾರದವನಿಗೂ ಅವನದೇ ಭಾಷೆಯಲ್ಲಿ ಓದಿ ಹೇಳಬೇಕೆಂಬುದು ಅದರ ಆಶಯ. ಜಗತ್ತಿನ ಪತ್ರಿಕೆಗಳು ಅದನ್ನು ಕೊಂಡಾಡಿದುವು. ಸ್ಮಾರ್ಟ್‌ಫೋನುಗಳ ಯುಗಕ್ಕೆ ಮೊದಲೇ ನಮ್ಮ ನೆಲದಲ್ಲಿ ಹುಟ್ಟಿದ ಆ ಸಾಧನ 2005ರ ಹೊತ್ತಿಗೆ ಮಾರಾಟವಾದದ್ದು ಕೆಲವು ಸಾವಿರ ಮಾತ್ರ. ಬೆಲೆ ಹೆಚ್ಚಾಯಿತು ಎಂಬುದು ನಿಜ. ಆದರೆ ಬೆಲೆ ಇಳಿಯಬೇಕಾದರೆ ಲಕ್ಷಗಟ್ಟಲೆ ತಯಾರಾಗಬೇಕು. ಲಕ್ಷಗಟ್ಟಲೆ ಕೊಳ್ಳಬಲ್ಲವರು ಆಗ ಯಾರಿದ್ದರು? ಶಾಲೆ, ಆಸ್ಪತ್ರೆ, ಗ್ರಾಮ ಪಂಚಾಯತುಗಳನ್ನು ನಡೆಸುವ ಸರಕಾರಗಳು. ಅವು ಚಪ್ಪಾಳೆ ತಟ್ಟಿದುವು. ಲಕ್ಷಗಟ್ಟಲೆ ಖರೀದಿಯ ಆದೇಶ ಕೊಡಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಚಿತ್ರವನ್ನು ನೋಡಿ. ಮುಕ್ತ ಮಾರುಕಟ್ಟೆಯ ತವರೆಂದು ಹೇಳಿಕೊಳ್ಳುವ ಅಮೆರಿಕದಲ್ಲಿ 1960ರ ದಶಕದ ಆರಂಭದಲ್ಲಿ ಹೊಸ ಇಂಟಿಗ್ರೇಟೆಡ್ ಸರ್ಕ್ಯೂಟುಗಳನ್ನು, ಬೆಲೆ ದುಬಾರಿಯಾಗಿದ್ದಾಗಲೇ, ಬಹುಪಾಲು ಕೊಂಡದ್ದು ಅಲ್ಲಿನ ಸೇನೆ ಮತ್ತು ಚಂದ್ರಯಾನದ ಅಪೊಲೊ ಯೋಜನೆ. ಸರಕಾರ ಕೊಂಡಿತು, ಕಂಪೆನಿಗಳು ಕಲಿತುವು, ಬೆಲೆ ಇಳಿಯಿತು, ಆ ಮೇಲೆ ಮಾರುಕಟ್ಟೆ ಹಿಂಬಾಲಿಸಿತು.

ನಮ್ಮಲ್ಲಿ ನವೋದ್ಯಮಗಳಿಗೆ ಟೆಂಡರಿನಲ್ಲಿ ಹಿಂದಿನ ಅನುಭವ ಮತ್ತು ವಹಿವಾಟಿನ ಷರತ್ತನ್ನು ಸಡಿಲಿಸಬಹುದು ಎಂಬ ಆದೇಶಗಳಿವೆ. 'ಸಡಿಲಿಸಬಹುದು' ಎಂಬ ಪದದಲ್ಲಿಯೇ ಎಲ್ಲವೂ ಅಡಗಿದೆ. ಹೊಸಬನಿಂದ ಕೊಂಡು ವಸ್ತು ಕೆಟ್ಟರೆ ತನಿಖೆ ಎದುರಿಸಬೇಕಾದವನು ಅಧಿಕಾರಿ; ಹಳಬನಿಂದ ಕೊಂಡು ಕೆಟ್ಟರೆ ಯಾರೂ ಕೇಳುವುದಿಲ್ಲ. ಮತ್ತೆ ಅದೇ ಪ್ರಶ್ನೆ: ನಷ್ಟಕ್ಕೆ ಪಾಲುದಾರ ಯಾರು? ಸರಬರಾಜು ಮಾಡಿದ ಮೇಲಾದರೂ ನೆಮ್ಮದಿಯಿದೆಯೇ? ಸಣ್ಣ ಉದ್ದಿಮೆಗಳ ಬಿಲ್ಲನ್ನು 45 ದಿನಗಳೊಳಗೆ ಪಾವತಿಸಬೇಕೆಂದು 2006ರ ಕಾನೂನು ಹೇಳುತ್ತದೆ. ತಡ ಮಾಡಿದ ಖರೀದಿದಾರ ಆ ವರ್ಷ ಅದನ್ನು ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸುವಂತಿಲ್ಲ ಎಂಬ ನಿಯಮವೂ 2024ರ ಏಪ್ರಿಲಿನಿಂದ ಜಾರಿಗೆ ಬಂದಿದೆ. ಆದಾಯ ತೆರಿಗೆಯನ್ನೇ ಕಟ್ಟದ ಸರಕಾರಿ ಇಲಾಖೆಗೆ ಈ ನಿಯಮದ ಬಿಸಿ ತಟ್ಟುವುದು ಹೇಗೆ? ಆರು ತಿಂಗಳು ಬಾಕಿ ಉಳಿದ ಬಿಲ್ಲು ದೊಡ್ಡ ಗುತ್ತಿಗೆದಾರನಿಗೆ ತಲೆನೋವು. ನಾಲ್ಕು ಮಂದಿಯ ಕಂಪೆನಿಗೆ ಅದು ಮರಣಶಾಸನ.

ಇನ್ನೊಂದು ರೋಗವಿದೆ, ಅದು ಹಣ ಹೆಚ್ಚಾದಾಗ ಬರುವ ರೋಗ. ಬೈಜೂಸ್ ಕಂಪೆನಿಗೆ 2022ರಲ್ಲಿ ಹೂಡಿಕೆದಾರರು ಕಟ್ಟಿದ ಮೌಲ್ಯ 2,200 ಕೋಟಿ ಡಾಲರ್. 2024ರ ಜುಲೈಯಲ್ಲಿ ಅದೇ ಕಂಪೆನಿ ಬೆಂಗಳೂರಿನ ಕಂಪೆನಿ ಕಾನೂನು ನ್ಯಾಯಮಂಡಳಿಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಸಾವಿರಾರು ಯುವಕರು ಕೆಲಸ ಕಳಕೊಂಡರು. ಕಂಪೆನಿಯ 'ಮೌಲ್ಯ' ಎಂಬುದು ಅದರ ಸಂಪಾದನೆ ಎಂದು ನಂಬಿದ್ದ ಪತ್ರಿಕೆಗಳೂ ಟಿವಿ ಚಾನೆಲುಗಳೂ ಆಮೇಲೆ ಮೌನವಾದುವು. ಹೂಡಿಕೆದಾರನ ಆತುರಕ್ಕಾಗಿ ಬೆಳೆಯುವ ಉದ್ಯಮ ಗಿರಾಕಿಯನ್ನು ಮರೆಯುತ್ತದೆ. ಇನ್ನೊಂದೆಡೆ, 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಝೆರೋಧಾ ಹೊರಗಿನ ಹೂಡಿಕೆಯನ್ನೇ ಪಡೆಯದೆ ದೇಶದ ಅತಿದೊಡ್ಡ ಶೇರು ದಲ್ಲಾಳಿ ಸಂಸ್ಥೆಗಳಲ್ಲಿ ಒಂದಾಯಿತು. ಉಡುಪಿಯಲ್ಲಿ 1996ರಲ್ಲಿ ರೋಹಿತ್ ಭಟ್ ಕಟ್ಟಿದ ರೋಬೋಸಾಫ್ಟ್ ಹೊರದೇಶದ ಗಿರಾಕಿಗಳಿಗೆ ತಂತ್ರಾಂಶ ತಯಾರಿಸುತ್ತಾ ವರ್ಷಗಳ ಕಾಲ ತಾಳ್ಮೆಯಿಂದ ಬೆಳೆಯಿತು. 2021ರಲ್ಲಿ ಜಪಾನಿನ ಟೆಕ್ನೊಪ್ರೊ ಅದನ್ನು ಕೊಂಡಿತು. ಉಡುಪಿಯಲ್ಲಿ ಸಾಧ್ಯವಾದದ್ದು ಭಟ್ಕಳದಲ್ಲೋ ವಿಜಯಪುರದಲ್ಲೋ ಅಸಾಧ್ಯ ಎನ್ನಲು ಕಾರಣವೇನು?

ಇಷ್ಟು ಹೊತ್ತು ನಾವು ಸರಕಾರದತ್ತ ಬೆರಳು ತೋರಿಸಿದೆವು. ಇನ್ನು ಬೆರಳನ್ನು ನಮ್ಮತ್ತಲೇ ತಿರುಗಿಸಿಕೊಳ್ಳದಿದ್ದರೆ ಅದು ಪ್ರಾಮಾಣಿಕತೆಯಾಗದು.

ನಮ್ಮ ಪಟ್ಟಣಗಳಲ್ಲಿ ಹಣವಿಲ್ಲವೇ? ಗಲ್ಫಿನ ಬಿಸಿಲಲ್ಲಿ ದುಡಿದ ಹಣ ಎರಡಂತಸ್ತಿನ ಮನೆಯಾಗಿ ನಿಂತಿದೆ. ಆ ಮನೆಗಳಲ್ಲಿ ಎಷ್ಟೋ ಬೀಗ ಹಾಕಿಕೊಂಡಿವೆ. ಮಗಳ ಮದುವೆಗೆ ಐವತ್ತು ಪವನ್ ಚಿನ್ನ, ಸಾವಿರ ಮಂದಿಗೆ ಊಟ. ಅದೇ ಮಗಳು ಇಂಜಿನಿಯರಿಂಗಿನಲ್ಲಿ ಪ್ರಥಮ ದರ್ಜೆ ಪಡೆದಿದ್ದಾಳೆ. ಆಸ್ಪತ್ರೆಗಳಿಗೆ ಬೇಕಾದ ತಂತ್ರಾಂಶವೊಂದನ್ನು ಮಾಡುತ್ತೇನೆ, ಐದು ಪವನಿನಷ್ಟು ಹಣ ಕೊಡಿ ಎಂದರೆ ನಗುತ್ತೇವೆ. ಗಂಡು ಮಕ್ಕಳ ಪಾಡೂ ಬೇರೆಯಲ್ಲ. ಒಮ್ಮೆ ಉದ್ಯಮದಲ್ಲಿ ಸೋತವನಿಗೆ ಹೆಣ್ಣು ಕೊಡಲು ಹಿಂಜರಿಯುತ್ತೇವೆ. ಸೋತವನಲ್ಲಿರುವ ಅನುಭವ ಎಂದೂ ಪ್ರಯತ್ನಿಸದವನಲ್ಲಿ ಇರುವುದಿಲ್ಲ ಎಂಬುದು ನಮಗೆ ಹೊಳೆಯುವುದೇ ಇಲ್ಲ.

ವಿಪರ್ಯಾಸವೆಂದರೆ, ಬಂಡವಾಳ ಒಬ್ಬನದು, ದುಡಿಮೆ ಇನ್ನೊಬ್ಬನದು, ಲಾಭ ಇಬ್ಬರದು, ಹಣದ ನಷ್ಟ ಬಂಡವಾಳಿಗನದು ಎಂಬ 'ಮುದಾರಬ' ಪದ್ಧತಿಯನ್ನು ನಮ್ಮಷ್ಟು ಬಾಯ್ತುಂಬಾ ಹೊಗಳುವವರು ಬೇರೆ ಯಾರಿದ್ದಾರೆ? ಬಡ್ಡಿ ಬೇಡ ಎನ್ನುತ್ತೇವೆ, ಸರಿ. ಆದರೆ ಬಡ್ಡಿಯನ್ನು ಬಿಟ್ಟವನು ನಷ್ಟದ ಹೊಣೆಯನ್ನು ಹೊರಬೇಕಲ್ಲವೇ? 'ಲಾಭ' ಎಂಬ ಹೆಸರಿಟ್ಟು ಪ್ರತಿ ತಿಂಗಳು ತಪ್ಪದೆ ಬರುವ ನಿಶ್ಚಿತ ಹಣವನ್ನು ನಾವು ಹುಡುಕುತ್ತೇವೆ. ಹೆಸರು ಬದಲಾಯಿತು, ಆಸೆ ಬದಲಾಗಲಿಲ್ಲ. ಆ ಆಸೆಯ ಬೆಲೆಯನ್ನು 2019ರ ಜೂನಿನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಸಾವಿರಾರು ಕುಟುಂಬಗಳು ತೆತ್ತುವು. ವಿಧವೆಯರ ಉಳಿತಾಯ, ನಿವೃತ್ತರ ಗಂಟು, ಮದುವೆಗೆಂದು ಕೂಡಿಟ್ಟ ಚಿನ್ನ... ಎಲ್ಲವೂ ಹೋಯಿತು. ವಂಚಿಸಿದವರನ್ನು ಕಾನೂನು ನೋಡಿಕೊಳ್ಳಲಿ. ಆದರೆ ನಷ್ಟವೇ ಇಲ್ಲದ ವ್ಯಾಪಾರ ಇದೆ ಎಂದು ನಂಬಿದ್ದು ಯಾರು?

ಆ ಗಾಯದಿಂದ ನಾವು ಕಲಿತ ಪಾಠವೂ ಅರ್ಧವೇ. 'ಇನ್ನು ಯಾರಲ್ಲೂ ಹಣ ಹೂಡಬಾರದು' ಎಂದು ತೀರ್ಮಾನಿಸಿದೆವು. ಕಲಿಯಬೇಕಾಗಿದ್ದ ಪಾಠ ಹೇಗೆ ಹೂಡಬೇಕು ಎಂಬುದು. ನಿಶ್ಚಿತ ಮಾಸಿಕ ಲಾಭದ ಭರವಸೆ ಕೊಡುವವನ ಬಳಿಗೆ ಹೋಗಲೇಬೇಡಿ. ನಿಜವಾದ ಉದ್ಯಮಿಗೆ ಅಂಥ ಭರವಸೆ ಕೊಡಲು ಸಾಧ್ಯವಿಲ್ಲ. ಕಳಕೊಂಡರೂ ಮನೆಯ ಅಡುಗೆ ನಿಲ್ಲದಷ್ಟು ಮೊತ್ತವನ್ನು ಮಾತ್ರ ಹೂಡಿ. ಅದನ್ನೂ ಒಬ್ಬನಲ್ಲೇ ಹಾಕದೆ ನಾಲ್ಕೈದು ಕಡೆ ಹಂಚಿ. ಬಾಯಿಮಾತಿನ ಮೇಲೆ ಕೊಡಬೇಡಿ. ಹುಡುಗ ಕಂಪೆನಿಯನ್ನು ಕಾನೂನುಬದ್ಧವಾಗಿ ನೋಂದಾಯಿಸಲಿ, ಹಣಕ್ಕೆ ಪ್ರತಿಯಾಗಿ ಶೇರು ಕೊಡಲಿ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರ ವರದಿ ತೋರಿಸಲಿ. ಖಾಸಗಿ ಕಂಪೆನಿಯಲ್ಲಿ 200ಕ್ಕಿಂತ ಹೆಚ್ಚು ಶೇರುದಾರರಿರುವಂತಿಲ್ಲ. ಜಾಹೀರಾತು ಕೊಟ್ಟು ಜನರಿಂದ ಹಣ ಎತ್ತುವಂತಿಲ್ಲ. ಈ ಗೆರೆಯನ್ನು ದಾಟುವವನು ಎಷ್ಟೇ ಸಜ್ಜನನಂತೆ ಕಂಡರೂ ದೂರವಿರಿ.

ಹಣ ಕೊಡಲಾಗದವರು ಗಿರಾಕಿಗಳಾಗಬಹುದು. ನಮ್ಮ ಸಮುದಾಯದವರು ನಡೆಸುವ ಆಸ್ಪತ್ರೆಗಳಿವೆ, ಶಾಲೆ-ಕಾಲೇಜುಗಳಿವೆ, ಸಗಟು ಅಂಗಡಿಗಳಿವೆ, ಮೀನಿನ ದೋಣಿಗಳಿವೆ. ಊರಿನ ಹುಡುಗ ತಯಾರಿಸಿದ ತಂತ್ರಾಂಶವನ್ನು ಒಂದು ವರ್ಷ ಬಳಸಿ ನೋಡಿ. ತಪ್ಪುಗಳನ್ನು ಅವನ ಮುಖಕ್ಕೇ ಹೇಳಿ. ಚೆನ್ನಾಗಿದ್ದರೆ ಸರಿಯಾದ ಬೆಲೆ ಕೊಡಿ. 'ನಮ್ಮವನಲ್ಲವೇ, ಉಚಿತವಾಗಿ ಮಾಡಿಕೊಡು' ಎನ್ನುವುದು ಪ್ರೀತಿಯಲ್ಲ. ಅದು ಅವನ ಅನ್ನವನ್ನು ಕಸಿದುಕೊಳ್ಳುವ ನಯವಾದ ವಿಧಾನ.

ಸರಕಾರಗಳ ಮುಂದೆ ನಮ್ಮ ಬೇಡಿಕೆಗಳೂ ಸ್ಪಷ್ಟವಾಗಿವೆ. ಒಂದು, ಹತ್ತು ಲಕ್ಷದೊಳಗಿನ ಮೊದಲ ಅನುದಾನವನ್ನು ಜಿಲ್ಲಾ ಮಟ್ಟದಲ್ಲಿಯೇ, ಆ ಕೆಲಸ ಬಲ್ಲವರ ಸಮಿತಿ, ಎರಡು ತಿಂಗಳೊಳಗೆ ತೀರ್ಮಾನಿಸಲಿ. ಎರಡು, ಸರಕಾರದ ಹಣ ಪಡೆಯುವ ಖಾಸಗಿ ನಿಧಿಗಳು ಅದರ ನಿರ್ದಿಷ್ಟ ಭಾಗವನ್ನು ಮಹಾನಗರಗಳ ಹೊರಗೆ, ಆರಂಭದ ಹಂತದಲ್ಲಿಯೇ ಹೂಡಬೇಕೆಂಬ ಷರತ್ತು ಇರಲಿ. ಮೂರು, ಪ್ರತಿಯೊಂದು ಇಲಾಖೆಯೂ ವಾರ್ಷಿಕ ಖರೀದಿಯ ಸಣ್ಣ ಪಾಲನ್ನು ಹೊಸ ಉತ್ಪನ್ನಗಳ ಪರೀಕ್ಷೆಗೆಂದು ಮೀಸಲಿಡಲಿ. ಅಲ್ಲಿ ಪ್ರಾಮಾಣಿಕವಾಗಿ ಸೋತದ್ದಕ್ಕೆ ಅಧಿಕಾರಿಗೆ ತನಿಖೆಯ ಭಯ ಇಲ್ಲದಿರಲಿ. ನಾಲ್ಕು, 45 ದಿನ ಮೀರಿದ ಬಾಕಿ ಬಿಲ್ಲುಗಳ ಪಟ್ಟಿಯನ್ನು ಪ್ರತಿ ಇಲಾಖೆಯೂ ತಿಂಗಳಿಗೊಮ್ಮೆ ಪ್ರಕಟಿಸಲಿ. ಐದು, ಎಷ್ಟು ನೋಂದಣಿಯಾಯಿತು ಎಂಬ ಡಂಗುರ ಸಾಕು. ಐದು ವರ್ಷದ ಬಳಿಕ ಎಷ್ಟು ಉಳಿದಿವೆ, ಎಷ್ಟು ಮಂದಿಗೆ ಕೆಲಸ ಕೊಟ್ಟಿವೆ ಎಂಬುದನ್ನು ಜಿಲ್ಲಾವಾರು ಹೇಳಲಿ.

ಇವುಗಳಲ್ಲಿ ಒಂದಕ್ಕೂ ಹೊಸ ಸಾವಿರ ಕೋಟಿಗಳ ಅಗತ್ಯವಿಲ್ಲ. ಅಗತ್ಯವಿರುವುದು ಸೋಲಿನಲ್ಲಿ ಜೊತೆ ನಿಲ್ಲುವ ಮನಸ್ಸು. ಆ ಮನಸ್ಸು ದೆಹಲಿಯಲ್ಲಿ ಯಾವಾಗ ಮೂಡುತ್ತದೋ, ಬೆಂಗಳೂರಿನಲ್ಲಿ ಯಾವಾಗ ಮೂಡುತ್ತದೋ ನಮ್ಮ ಕೈಯಲ್ಲಿಲ್ಲ. ನಮ್ಮ ಮನೆಗಳಲ್ಲಿ ಮೂಡುವುದು ನಮ್ಮ ಕೈಯಲ್ಲಿದೆ. ವೀಸಾಕ್ಕೆಂದು ಒಂದೇ ಸಂಜೆಯಲ್ಲಿ ಹಣ ಹೊಂದಿಸಬಲ್ಲ ತಂದೆ, ಆ ಸಾಧನವನ್ನು ಕೈಗೆತ್ತಿಕೊಂಡು, 'ಇದು ಉಪ್ಪುನೀರಿನಲ್ಲಿ ಕೆಲಸ ಮಾಡುತ್ತದೆಯೇ?' ಎಂದು ಮಗನನ್ನು ಕೇಳಲಿ. 'ಗೊತ್ತಿಲ್ಲ, ಪರೀಕ್ಷಿಸಬೇಕು' ಎಂದು ಅವನು ಪ್ರಾಮಾಣಿಕವಾಗಿ ಹೇಳಿದರೆ, ಹಣ ಹೂಡಲು ಅದಕ್ಕಿಂತ ಒಳ್ಳೆಯ ಉತ್ತರ ಇನ್ನೊಂದಿಲ್ಲ.